ಸೂಚಕಿ: ಮಾದೇವಿ

ನಮ್ಮ ಮನೆಯ ಜಗಲಿಗೆ ಇದ್ದ ಮರ್ಯಾದೆ ದೇವರ ಕೋಣೆಗೂ ಇರಲಿಲ್ಲ. ದೇವರಿಗೆ ದಿನಕ್ಕೆರಡು ಸಲ ದೀಪ ತೋರಿಸಿದರೆ ಮುಗಿಯಿತು. ಜಗಲಿಯನ್ನು ಮಾತ್ರ ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಹೊತ್ತು ಹೊತ್ತಿಗೆ ಗುಡಿಸಿ ಒರೆಸಿ ಇಡಬೇಕಿತ್ತು. ಯಾವ ಗಳಿಗೆಯಲ್ಲಿ ಯಾರು ಅಪ್ಪನನ್ನು ಹುಡುಕಿಕೊಂಡು ಬರುತ್ತಾರೆ ಎಂದು ಹೇಳುವಂತಿರಲಿಲ್ಲ. ಹಳದೀಪುರದಲ್ಲಿ ಬಸ್ಸಿಳಿದು, ಹೆದ್ದಾರಿ ದಾಟಿ, ತೆಂಗಿನ ತೋಟಗಳ ನಡುವೆ ಕಾಲುಗಂಟೆ ನಡೆದರೆ ನಮ್ಮೂರು. ಅಪ್ಪ ಊರಿನ ಸೊಸೈಟಿಯಲ್ಲಿ ಸೆಕ್ರೆಟರಿ. ಬಂದವರಲ್ಲಿ ಬೆಂಚಿನ ಮೇಲೆ ಕೂರುವವರು ಯಾರು, ಕಟ್ಟೆಯ ಅಂಚಿಗೆ ಕೂರುವವರು ಯಾರು, ಅಂಗಳದಲ್ಲೇ ನಿಂತು ಮಾತಾಡುವವರು ಯಾರು ಎಂಬುದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು, ಆದರೆ ಗೊತ್ತಿದೆ ಎನ್ನುವುದೇ ಗೊತ್ತಿರಲಿಲ್ಲ.

ಅಪ್ಪನ ದೊಡ್ಡ ವಿದ್ಯೆಯೆಂದರೆ ಮೀಟಿಂಗು. ಅವನು ಸೆಕ್ರೆಟರಿಯಾದ ಮೇಲೆ ಸೊಸೈಟಿಯಲ್ಲಿ ಒಮ್ಮೆಯೂ ಕೈ ಎತ್ತಿಸಿ ಎಣಿಸುವ ಪ್ರಸಂಗ ಬಂದಿರಲಿಲ್ಲವಂತೆ. ಅದನ್ನು ಅವನು ಬೇರೆಯವರು ಮಗನ ರ‍್ಯಾಂಕಿನ ಬಗ್ಗೆ ಹೇಳಿಕೊಳ್ಳುವ ಹಾಗೆ ಹೇಳಿಕೊಳ್ಳುತ್ತಿದ್ದ. ಮೀಟಿಂಗು ನಡೆಯುವುದು ಮೀಟಿಂಗಿನ ಹಿಂದಿನ ದಿನ ಎನ್ನುವುದು ಅವನ ಸಿದ್ಧಾಂತ. ಹಿಂದಿನ ದಿನ ಒಬ್ಬೊಬ್ಬರಾಗಿ ಜಗಲಿಗೆ ಬಂದು ಚಾ ಕುಡಿದು, ಎಲೆಯಡಿಕೆಯ ಕವಳ ಹಾಕಿ, ಅಪ್ಪನ ಮಾತಿಗೆ ಹೂಂಗುಟ್ಟಿ ಹೋದರೆ ಮರುದಿನ ಅರ್ಧ ಗಂಟೆಯಲ್ಲಿ ಠರಾವು ಪಾಸು. ಪ್ರೊಸೀಡಿಂಗ್ ಬುಕ್ಕನ್ನು ಅವನು ಮನೆಗೆ ತಂದು, ಚಿಮಣಿ ಬುಡ್ಡಿಯ ಕಾಲದಲ್ಲಿ ಕಲಿತ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದ. ವಿಷಯ, ಚರ್ಚೆ, ಸೂಚಕರು, ಅನುಮೋದಕರು, ಕೊನೆಗೆ ‘ಸರ್ವಾನುಮತದಿಂದ ಠರಾಯಿಸಲಾಯಿತು’. ನಾನು ಪಕ್ಕದಲ್ಲಿ ಕೂತು ಆ ಕೊನೆಯ ಸಾಲಿಗೆ ಕಾಯುತ್ತಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ಹುಟ್ಟಿದ್ದೇ ನಮ್ಮ ಅಪ್ಪನನ್ನು ನೋಡಿ ಎಂದು ಆಯಿ ತಮಾಷೆ ಮಾಡುತ್ತಿದ್ದಳು. ಅವಳ ತಮಾಷೆಗಳಲ್ಲಿ ಅರ್ಧ ಸಿಟ್ಟಿರುತ್ತಿತ್ತು.

ಹೈಸ್ಕೂಲಿಗೆ ಹೋದ ಮೇಲೆ ನನಗೂ ಒಂದು ಬುಕ್ಕು ಸಿಕ್ಕಿತು. ನಮ್ಮ ಶಾಲೆಯಲ್ಲಿ ಗೈಡ್ಸ್ ನೋಡಿಕೊಳ್ಳುತ್ತಿದ್ದ ಟೀಚರು, ನಮಗೆಲ್ಲ ಅಕ್ಕೋರು, ಭಟ್ಕಳದ ಕಡೆಯವರು. ಹೊನ್ನಾವರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಇದು ಮಕ್ಕಳೇ ನಡೆಸಬೇಕಾದದ್ದು, ನಾನು ಹೊರಗೆ ನಿಂತು ನೋಡುವವಳು ಎಂದು ಅವರು ಮೊದಲ ದಿನವೇ ಹೇಳಿಬಿಟ್ಟರು. ಎಂಟು ಹುಡುಗಿಯರ ಒಂದೊಂದು ತಂಡ. ನಮ್ಮದು ಸೇವಂತಿಗೆ ತಂಡ, ಅದಕ್ಕೆ ನಾನು ಲೀಡರು. ಪ್ರತಿ ಭಾನುವಾರ ತಂಡ ಒಂದು ಗಂಟೆ ಸೇರಬೇಕು, ಏನು ಮಾಡಬೇಕೆಂದು ತಾನೇ ತೀರ್ಮಾನಿಸಬೇಕು, ಬರೆದಿಡಬೇಕು, ಸೋಮವಾರ ಅಕ್ಕೋರಿಗೆ ಬುಕ್ಕು ತೋರಿಸಬೇಕು. ನಾನು ನಡೆಸಿದ ಮೊದಲ ಮೀಟಿಂಗು ಮೀನು ಪೇಟೆಯ ಹಾಗೆ ಆಯಿತು. ನಾನು ಒಂದೇ ಸಮನೆ ಉಪದೇಶ ಮಾಡಿದೆ, ಇಬ್ಬರು ಜಗಳವಾಡಿದರು, ಶೋಭಾ ಅಳುತ್ತ ಮನೆಗೆ ಹೋದಳು, ಎಲ್ಲರಿಗಿಂತ ಚಿಕ್ಕವಳಾದ ಗೀತಾ ಕಂಬಕ್ಕೆ ಒರಗಿ ನಿದ್ದೆ ಹೋದಳು. ಸೋಮವಾರ ಅಕ್ಕೋರು ನಕ್ಕು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದಿಷ್ಟು ಗುಟ್ಟು ಹೇಳಿಕೊಟ್ಟರು. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ವಿಷಯ ಬೇಡ. ಎಲ್ಲರಿಗೂ ಎಲ್ಲರ ಮುಖ ಕಾಣುವ ಹಾಗೆ ಕುದುರೆ ಲಾಳದ ಆಕಾರದಲ್ಲಿ ಕೂರಬೇಕು. ಮಾತು ಬಿಸಿಯಾದರೆ ನಡುವೆ ಒಂದು ಆಟ ಆಡಿಸಬೇಕು. ಚಿಕ್ಕವರು ಮೊದಲು ಮಾತಾಡಬೇಕು, ಲೀಡರು ಎಲ್ಲರಿಗಿಂತ ಕೊನೆಗೆ. ಒಳ್ಳೆಯದಾದಾಗ ಚಪ್ಪಾಳೆ, ಮುಗಿಸುವಾಗ ಹಾಡು.

“ನೀನು ಮೊದಲು ಬಾಯಿ ಬಿಟ್ಟರೆ ಉಳಿದವರು ನಿನ್ನ ಮಾತನ್ನೇ ತಿರುಗಿ ಹೇಳ್ತಾರೆ,” ಎಂದರು. “ಅದು ಮೀಟಿಂಗ್ ಅಲ್ಲ, ಮಗ್ಗಿ.”

ಎರಡು ತಿಂಗಳಲ್ಲಿ ನಮ್ಮ ತಂಡದ ಮೀಟಿಂಗು ಅಂದರೆ ಬೇರೆ ತಂಡದವರು ಹೊಟ್ಟೆ ಉರಿದುಕೊಳ್ಳುವಂತಾಯಿತು. ಗಂಟು ಹಾಕುವ ಸ್ಪರ್ಧೆ, ಕಣ್ಣು ಕಟ್ಟಿ ವಾಸನೆಯಲ್ಲೇ ಎಲೆ ಗುರುತಿಸುವ ಆಟ, ಆಮೇಲೆ ಮಳೆ ಚಪ್ಪಾಳೆ. ಮಳೆ ಚಪ್ಪಾಳೆಯೆಂದರೆ ಮೊದಲು ಒಂದು ಬೆರಳು ಅಂಗೈಗೆ ಬಡಿದು, ಮತ್ತೆ ಎರಡು, ಮೂರು ಎಂದು ಹೆಚ್ಚಿಸುತ್ತ ಕೊನೆಗೆ ಪೂರ್ತಿ ಕೈ ಬಡಿಯುವುದು. ಹನಿಯಾಗಿ ಶುರುವಾಗಿ ಹೆಂಚಿನ ಮೇಲೆ ಜಡಿಮಳೆ ಬಿದ್ದಂತೆ ಸದ್ದಾಗುತ್ತದೆ. ಊರ ಕೆರೆಯ ದಾರಿ ಸ್ವಚ್ಛ ಮಾಡುವುದು, ಕುಮಟೆಯ ಶಿಬಿರಕ್ಕೆ ಪ್ರಹಸನ ಕಟ್ಟುವುದು, ಎಲ್ಲವನ್ನೂ ನಾವೇ ಮಾತಾಡಿ ತೀರ್ಮಾನಿಸಿದೆವು. ಈಗ ನನ್ನ ಕೆಲಸದಲ್ಲೂ ಮೀಟಿಂಗು ನಡೆಸುವವಳು ನಾನೇ. ಬಂದವರು ನಗುತ್ತ ಎದ್ದು ಹೋಗುತ್ತಾರೆ, ಎಲ್ಲಿ ಕಲಿತಿರಿ ಮೇಡಂ ಎಂದು ಕೇಳುತ್ತಾರೆ. ಶಾಲೆಯಲ್ಲಿ ಎನ್ನುತ್ತೇನೆ. ಅದು ಅರ್ಧ ಸತ್ಯ.

ಶುರುವಿನ ಮೀಟಿಂಗುಗಳೆಲ್ಲ ನಮ್ಮ ಜಗಲಿಯಲ್ಲೇ ನಡೆದವು. ತಂಡದಲ್ಲಿ ಮಾದೇವಿ ಇದ್ದಳು. ಗದ್ದೆ ಬಯಲಿನ ಆಚೆ, ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ದಾಟಿದರೆ ಅವಳ ಕೇರಿ. ಅವಳ ಅವ್ವಿ ದುರ್ಗಿ ನಾಟಿಗೆ, ಕೊಯ್ಲಿಗೆ ನಮ್ಮ ಗದ್ದೆಗೆ ಬರುವವಳು. ಆ ಕೇರಿಯ ಮನೆಗಳಲ್ಲಿ ನಮ್ಮವರು ನೀರು ಕುಡಿಯುತ್ತಿರಲಿಲ್ಲ, ಆ ಕೇರಿಯವರು ನಮ್ಮ ಜಗಲಿ ಹತ್ತುತ್ತಿರಲಿಲ್ಲ. ಮಾದೇವಿ ಹತ್ತಿದಳು. ನೀಲಿ ಯೂನಿಫಾರ್ಮು, ಕೊರಳಲ್ಲಿ ಸ್ಕಾರ್ಫು, ಎಂಟು ಜನರೂ ಒಂದೇ ಥರ. ಅಜ್ಜಿ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿ ಒಳಗೆ ಹೋದಳು. ತಿಂಡಿಯ ಹೊತ್ತಿಗೆ ತಟ್ಟೆ ಲೋಟದ ಪ್ರಶ್ನೆ ಬಂತು. ಒಳಗೆ ಅಜ್ಜಿ ಮತ್ತು ಆಯಿಯ ಪಿಸುಮಾತು ಜೋರಾಗುವಷ್ಟರಲ್ಲಿ ಅಪ್ಪ ಹೊರಗೆ ಬಂದು, ಗೈಡ್ಸ್ ಅಂದ್ರೆ ಕಾಡಲ್ಲಿ ಬದುಕೋದು ಕಲಿಯೋರು, ನಿಮಗೆ ಸ್ಟೀಲ್ ತಟ್ಟೆ ಎಂತಕ್ಕೆ ಎಂದು ನಗಾಡಿ, ಎಂಟು ಬಾಳೆಲೆ ತುಂಡು, ಎಂಟು ತೆಂಗಿನ ಗೆರಟೆ ತರಿಸಿದ. ಎಲೆಯಲ್ಲಿ ಅವಲಕ್ಕಿ, ಗೆರಟೆಯಲ್ಲಿ ಬೆಲ್ಲದ ಪಾನಕ. ತಿಂದಾದ ಮೇಲೆ ಎಲ್ಲವನ್ನೂ ಗೊಬ್ಬರಗುಂಡಿಗೆ ಎಸೆದೆವು. ನಮಗೆಲ್ಲ ಭಾರೀ ಖುಷಿ. ಎಂಥ ಅಪ್ಪ ನಿನ್ನಪ್ಪ ಎಂದು ಶೋಭಾ ಅಸೂಯೆಪಟ್ಟಳು. ಅಂದಿನಿಂದ ನಮ್ಮನೆಯಲ್ಲಿ ಅದೇ ಪದ್ಧತಿ.

ದೀಪಾವಳಿ ರಜೆ ಮುಗಿದ ಮೇಲೆ ಅಕ್ಕೋರು ಒಂದು ಮಾತು ಹೇಳಿದರು: ಒಬ್ಬಳ ಮನೆಯಲ್ಲೇ ಸೇರಿದರೆ ಅದು ಆ ಒಬ್ಬಳ ತಂಡ ಆಗ್ತದೆ, ಸರದಿಯ ಮೇಲೆ ಎಲ್ಲರ ಮನೆಗೂ ಹೋಗಿ. ನಮಗೆ ಹೊಸ ಹುರುಪು. ಅಕ್ಕೋರ ಎದುರೇ ಚೀಟಿ ಎತ್ತಿದೆವು. ಮೊದಲ ಚೀಟಿ ನನ್ನದೇ ಬಂತು, ಎರಡನೆಯದು ಮಾದೇವಿಯದು. ಚೀಟಿ ಬಿಡಿಸಿ ತನ್ನ ಹೆಸರು ನೋಡಿ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಾದೇವಿ ಮಾತು ಕಡಿಮೆಯ ಹುಡುಗಿ. ಗಂಟು ಹಾಕುವುದರಲ್ಲಿ, ಹಾಡು ಹೇಳುವುದರಲ್ಲಿ ನಮಗೆಲ್ಲ ಮುಂದೆ. ಅವಳ ಅವ್ವಿ ನಾಟಿಯ ಹೊತ್ತಿಗೆ ಹೇಳುವ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ಅವತ್ತು ಸಂಕದವರೆಗೂ ಅವಳು ಓಡಿಕೊಂಡೇ ಹೋದದ್ದು ನನಗೆ ನೆನಪಿದೆ.

ಆ ವಾರ ಶುಕ್ರವಾರ ಶಾಲೆಯಿಂದ ಬಂದಾಗ ದುರ್ಗಿ ನಮ್ಮ ಹಿತ್ತಿಲಲ್ಲಿ ನಿಂತಿದ್ದಳು. ಆಯಿ ಬಾವಿಕಟ್ಟೆಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ನಾನು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದುದು ದುರ್ಗಿಗೆ ಕಾಣಲಿಲ್ಲ. ಮುಂದಿನ ವಾರ ಮಕ್ಕಳು ತನ್ನ ಮನೆಗೆ ಬರುತ್ತಾರಂತೆ ಎಂದು ಶುರು ಮಾಡಿದವಳು, ಅಂಗಳ ಸಾರಿಸಿ ಆಗಿದೆ, ಚಾಪೆ ಎರಡು ಇದೆ, ಇನ್ನೆರಡು ಕೇಳಿ ಇಟ್ಟಿದ್ದೇನೆ ಎಂದೆಲ್ಲ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

“ಅಮ್ಮೋರೇ, ಮಕ್ಕಳಿಗೆ ಎಂತ ಕೊಡ್ಲಿ? ನಾ ಬೇಯ್ಸಿದ್ದು ಬ್ಯಾಡ. ಬಾಳೆಹಣ್ಣು ಕೊಟ್ರೆ ಸಿಪ್ಪೆ ಅವ್ರೇ ಸುಲ್ಕಂತ್ರು. ಎಳ್ನೀರು ಅವ್ರ ಕೈಲೇ ಕೊಚ್ಚಿಸ್ತೆ. ಅದಾದ್ರೆ ಅಡ್ಡಿಲ್ಯಾ?”

ಆಯಿ ತಿಕ್ಕುವ ಕೈ ನಿಲ್ಲಿಸಿದಳು. ಅಡ್ಡಿ ಇಲ್ಲ, ಅಷ್ಟು ಸಾಕು ಎಂದಳು. ದುರ್ಗಿ ಹೋದ ಮೇಲೆ ಆಯಿ ತಿಕ್ಕಿ ಮುಗಿದಿದ್ದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು. ಇದನ್ನು ನಾನು ಕೇಳಿಸಿಕೊಂಡಿದ್ದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಮುಂದೆ ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಶನಿವಾರ ಮಧ್ಯಾಹ್ನ ಅಪ್ಪ ಊಟಕ್ಕೆ ಬಂದ. ಬಂಗುಡೆ ಸಾರು, ಕುಚಲಕ್ಕಿ ಅನ್ನ. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಅಪ್ಪ ಮಾತಾಡಿದರೆ ಉಳಿದವರು ಮುಳ್ಳು ಬಿಡಿಸುವುದನ್ನೂ ನಿಲ್ಲಿಸಬೇಕು. ಶೋಭಾಳ ಅಪ್ಪ, ಗೀತಾಳ ದೊಡ್ಡಪ್ಪ ಸೊಸೈಟಿಗೆ ಬಂದು, ಮಕ್ಕಳು ಸಂಕ ದಾಟಿ ಅಷ್ಟು ದೂರ ಹೋಗುವುದು ಎಂತಕ್ಕೆ ಎಂದು ಗೊಣಗಿ ಹೋಗಿದ್ದರಂತೆ. ಅಜ್ಜಿಗೆ ಇಂಥ ಬಳಸು ಮಾತು ಬರುತ್ತಿರಲಿಲ್ಲ. ಆ ಕೇರಿಯಲ್ಲಿ ತಿಂದು ಬಂದವಳು ನನ್ನ ಒಲೆ ಮುಟ್ಟುವುದು ಬೇಡ ಎಂದು ನೇರ ಹೇಳಿದಳು. ಅಪ್ಪನಿಗೆ ಅದು ಸೇರಲಿಲ್ಲ. ಹಾಗೆಲ್ಲ ಮಾತಾಡುವ ಕಾಲ ಅಲ್ಲ ಇದು, ನಾನು ಯಾರನ್ನೂ ಹೋಗಬೇಡ ಅನ್ನುವವನಲ್ಲ ಎಂದ. ಆಮೇಲೆ ನನ್ನ ಕಡೆ ತಿರುಗಿದ. ಮಕ್ಕಳ ಮೀಟಿಂಗು ಮಕ್ಕಳದ್ದೇ, ನೀವೇ ಮಾತಾಡಿ ನೀವೇ ತೀರ್ಮಾನ ಮಾಡಿ ಎಂದ. ಅಷ್ಟು ಹೇಳಿ ಒಂದು ತುತ್ತು ಉಂಡು, ಬಹಳ ಪ್ರೀತಿಯಿಂದ ತನ್ನ ವಿದ್ಯೆಯ ಕೊನೆಯ ಪಾಠ ಹೇಳಿಕೊಟ್ಟ.

“ಯಾರಿಗೆ ಬೇಜಾರಾಗೂದೋ ಸೂಚನೆ ಅವ್ರ ಬಾಯಿಂದ್ಲೇ ಬರ್ಬೇಕು ಮಗಾ. ಅವ್ರೇ ಸೂಚಕರು. ಆಗ ಬೇಜಾರಿನ ಪ್ರಶ್ನೆಯೇ ಇಲ್ಲ.”

ಆಯಿ ಸಾರಿನ ಸೌಟನ್ನು ಪಾತ್ರೆಗೆ ಹಾಕಿದ ಸದ್ದು ಜೋರಾಯಿತು. ಹುಡುಗಿಯರ ಆಟಕ್ಕೆ ನಿಮ್ಮ ಸೊಸೈಟಿ ಬುದ್ಧಿ ಎಂತಕ್ಕೆ ತುಂಬುತ್ತೀರಿ ಎಂದು ಕೇಳಿದಳು. ಅಪ್ಪ ಸಮಾಧಾನವಾಗಿ, ನಿಂಗೆ ಅರ್ಥ ಆಗೂದಿಲ್ಲ ಎಂದ. ತನಗೆ ಎಲ್ಲ ಅರ್ಥವಾಗುತ್ತದೆ, ಬಾಳೆಲೆಯೂ ಅರ್ಥವಾಗಿತ್ತು, ಗೆರಟೆಯೂ ಅರ್ಥವಾಗಿತ್ತು ಎಂದಳು ಆಯಿ. ನನಗೆ ಆ ಕ್ಷಣದವರೆಗೆ ಅರ್ಥವಾಗಿರಲಿಲ್ಲ. ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ, ಅಜ್ಜಿ ಮೀನಿನ ತಲೆಯನ್ನು ಬದಿಗೆ ಸರಿಸಿದಳು, ಆಯಿ ಅವತ್ತು ಊಟ ಮಾಡಲಿಲ್ಲ. ನನ್ನ ಮುಂದೆ ಎರಡು ದಾರಿ ಇದ್ದವು: ಮಾದೇವಿಯ ಮನೆಗೆ ಹೋಗುವುದು, ಇಲ್ಲವೇ ಅಪ್ಪನ ಮಗಳಾಗುವುದು. ಹದಿನಾಲ್ಕು ವರ್ಷದ ನನಗೆ ಅಪ್ಪನ ಮಗಳಾಗುವ ಆಸೆ ಬಹಳ ಇತ್ತು. ಸಂಜೆ ಶೋಭಾಳ ಮನೆಗೂ ಗೀತಾಳ ಮನೆಗೂ ಹೋಗಿಬಂದೆ. ನಾಳೆ ಮೀಟಿಂಗಿನಲ್ಲಿ ಸಂಕ ಅಲುಗಾಡುತ್ತದೆ, ದಾರಿ ದೂರ ಅಂತ ನೀವು ಹೇಳಿದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ.

ಭಾನುವಾರದ ಮೀಟಿಂಗು ನಾನು ನಡೆಸಿದ ಮೀಟಿಂಗುಗಳಲ್ಲೆಲ್ಲ ಚೆಂದದ್ದು. ವಿಸಿಲ್ ಊದಿದ ಕೂಡಲೇ ಎಂಟೂ ಜನ ಲಾಳದ ಆಕಾರದಲ್ಲಿ ಕೂತೆವು. ಮೊದಲ ವಿಷಯ ಶಿಬಿರದ ಪ್ರಹಸನ. ಗೀತಾ ಮುದುಕನ ಹಾಗೆ ನಡೆದು ತೋರಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಎರಡನೆಯದು ಗಂಟಿನ ಸ್ಪರ್ಧೆ; ಮಾದೇವಿಯೇ ಗೆದ್ದಳು. ಮೂರನೆಯದು ಬರುವ ವಾರ ಸೇರುವ ಮನೆ. ಅಕ್ಕೋರು ಹೇಳಿದ ಒಂದು ನಿಯಮವನ್ನೂ ನಾನು ಮುರಿಯಲಿಲ್ಲ. ಚಿಕ್ಕವಳೆಂದು ಗೀತಾಳಿಗೆ ಮೊದಲು ಅವಕಾಶ ಕೊಟ್ಟೆ. ಅವಳು ಸಂಕದ ವಿಷಯ ಹೇಳಿದಳು. ಶೋಭಾ ತನ್ನ ಆಯಿ ಅಷ್ಟು ದೂರ ಕಳಿಸುವುದಿಲ್ಲ ಎಂದಳು. ಉಳಿದವರಿಗೆ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ತಿಳಿಯಿತು. ಅವರ ಮನೆಗಳಲ್ಲೂ ಶನಿವಾರ ಮಾತಾಗಿರಬೇಕು. ಅಷ್ಟಕ್ಕೇ ನಿಲ್ಲಿಸಿ ನಾನು ಒಂದು ಚಿಕ್ಕ ಆಟ ಆಡಿಸಿದೆ, ಹಗುರಾಗಲಿ ಎಂದು. ಆಟ ಮುಗಿದು ನಗುತ್ತಿರುವಾಗಲೇ ಮಾದೇವಿಯ ಕಡೆ ತಿರುಗಿ, ನನಗೇ ಗೊತ್ತಿರದಿದ್ದ ಒಂದು ಸಿಹಿ ದನಿಯಲ್ಲಿ ಕೇಳಿದೆ.

“ಮಾದೇವಿ, ನಿಂಗೆ ಎಂತ ಅನ್ನಿಸ್ತದೆ? ನಿನ್ನ ಅವ್ವಿಗೂ ಕೆಲಸ ಬಿಟ್ಟು ಕೂರೂದು ಕಷ್ಟ ಆಗೂದಲ್ದಾ?”

ಅವಳು ನನ್ನ ಮುಖ ನೋಡಿದಳು. ಗೀತಾಳನ್ನು ನೋಡಿದಳು, ಶೋಭಾಳನ್ನು ನೋಡಿದಳು. ಕೈಯಲ್ಲಿ ಸ್ಪರ್ಧೆಯ ಹಗ್ಗ ಇನ್ನೂ ಇತ್ತು. ಗೆದ್ದ ಗಂಟನ್ನು ಮೆಲ್ಲಗೆ ಬಿಚ್ಚಿ, ಹಗ್ಗವನ್ನು ನೀಟಾಗಿ ಸುತ್ತಿ ನೆಲದ ಮೇಲಿಟ್ಟಳು.

“ನಮ್ಮನೆಲಿ ಜಾಗ ಸಣ್ಣದು,” ಎಂದಳು. “ನಮ್ಮನೆ ಬಿಟ್ಟು ಮುಂದಿನವ್ರ ಮನೆಗೆ ಹೋಗ್ವ.”

ಎಲ್ಲರಿಗೂ ಒಮ್ಮೆಲೇ ಉಸಿರು ಬಂತು. ಶೋಭಾ ಅನುಮೋದಿಸಿದಳು. ಯಾರೋ ಮಳೆ ಚಪ್ಪಾಳೆ ಶುರು ಮಾಡಿದರು. ಒಂದು ಬೆರಳು, ಎರಡು ಬೆರಳು, ಮೂರು, ಕೊನೆಗೆ ಜಗಲಿಯೆಲ್ಲ ಸದ್ದು. ಮಾದೇವಿಯೂ ತಟ್ಟಿದಳು. ಆಯಿ ಎಂಟು ಎಲೆಯಲ್ಲಿ ಬೆಲ್ಲ ಹಾಕಿ ಕರಿದ ಸುಕ್ರುಂಡೆ ತಂದಿಟ್ಟು ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಮಾದೇವಿ ಅರ್ಧ ತಿಂದು, ಉಳಿದರ್ಧವನ್ನು ಎಲೆಯಲ್ಲಿ ಸುತ್ತಿಕೊಂಡು ತಮ್ಮನಿಗೆ ಎಂದಳು. ಹಾಡು ಹೇಳಿ ಮುಗಿಸಿದೆವು.

ಎಲ್ಲರೂ ಹೋದ ಮೇಲೆ ನಾನು ಅಪ್ಪನ ಬೆಂಚಿನ ಮೇಲೆ ಕೂತು ಬರೆದೆ. ವಿಷಯ, ಚರ್ಚೆ. ಸೂಚಕಿ: ಮಾದೇವಿ. ಅನುಮೋದಕಿ: ಶೋಭಾ. ಸರ್ವಾನುಮತದಿಂದ ಠರಾಯಿಸಲಾಯಿತು. ಅಪ್ಪ ಬುಕ್ಕನ್ನು ತೆಗೆದುಕೊಂಡು ಕನ್ನಡಕ ಹಾಕಿ ಓದಿದ, ಒಂದು ಕಡೆ ಅಲ್ಪವಿರಾಮ ಸೇರಿಸಿದ. ‘ಆತು’ ಎಂದು ನನ್ನ ತಲೆಯ ಮೇಲೆ ಕೈಯಿಟ್ಟ. ಅವನು ಹಾಗೆ ಕೈಯಿಟ್ಟದ್ದು ನನಗೆ ತಿಳಿದ ಹಾಗೆ ಅದೇ ಮೊದಲು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಆ ಸಂತೋಷವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆದರೆ ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅವಳೇ ಹೇಳಿದ್ದಳಲ್ಲ.

ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಅಕ್ಕೋರು ನಮ್ಮ ತಂಡವನ್ನು ವರಾಂಡದಲ್ಲಿ ನಿಲ್ಲಿಸಿಕೊಂಡು ಬುಕ್ಕು ಓದಿದರು. ಪ್ರಹಸನದ ಭಾಗಕ್ಕೆ ನಕ್ಕರು. ಮೂರನೇ ವಿಷಯಕ್ಕೆ ಬಂದಾಗ ಬೆರಳು ಆ ಸಾಲಿನ ಮೇಲೆ ನಿಂತಿತು. ಚೀಟಿ ಎತ್ತಿದ ದಿನ ಮಾದೇವಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದನ್ನು ಅವರೂ ನೋಡಿದ್ದರು. ಅವರು ನನ್ನನ್ನು ಕೇಳಲಿಲ್ಲ. ಬುಕ್ಕನ್ನು ತೆರೆದೇ ಹಿಡಿದು ಅವಳನ್ನು ಕೇಳಿದರು.

“ಮಾದೇವಿ, ಇದು ನೀನೇ ಹೇಳಿದ್ದಾ?”

ಶಾಲೆಯೆದುರಿನ ಹೆದ್ದಾರಿಯಲ್ಲಿ ಹೊನ್ನಾವರದ ಕಡೆ ಹೋಗುವ ಬಸ್ಸು ಬಂದು ನಿಂತಿತು. ಅದು ಅಕ್ಕೋರ ಬಸ್ಸು. ಅವರು ಅದರ ಕಡೆ ನೋಡಲಿಲ್ಲ. ಮಾದೇವಿ ನೆಲ ನೋಡುತ್ತಿದ್ದಳು. ಬಸ್ಸಿಗೆ ಜನ ಹತ್ತಿದರು, ಇಳಿದರು, ಕಂಡಕ್ಟರ್ ಬಾಗಿಲು ಬಡಿದ, ಬಸ್ಸು ಹೊರಟಿತು. ಅಷ್ಟು ಹೊತ್ತು. ‘ನಾನು ಹೇಳಿಸಿದ್ದು ಅಕ್ಕೋರೇ’ ಎಂಬ ಮೂರು ಮಾತು ಬಾಯಿಯವರೆಗೂ ಬಂದಿದ್ದವು. ಮಾದೇವಿ ತಲೆಯೆತ್ತಿದಳು.

“ಹೌದು ಅಕ್ಕೋರೇ. ನಾನೇ ಹೇಳಿದ್ದು.”

ಅಕ್ಕೋರು ನನ್ನನ್ನು ಒಮ್ಮೆ ನೋಡಿ ಬುಕ್ಕು ಮುಚ್ಚಿ ಕೊಟ್ಟರು. ಮಕ್ಕಳು ನಡೆಸಿದ ಮೀಟಿಂಗಿನ ತೀರ್ಮಾನಕ್ಕೆ ತಾನು ಅಡ್ಡ ಬರುವುದಿಲ್ಲ ಎಂದು ಅವರೇ ಹಾಕಿಕೊಂಡ ನಿಯಮ ಅವರನ್ನೂ ಕಟ್ಟಿಹಾಕಿತ್ತು. ಮಾದೇವಿ ಅದಾದ ಮೇಲೂ ಕೆಲವು ಭಾನುವಾರ ಬಂದಳು. ಬೇಸಗೆ ರಜೆಯ ನಂತರ ಬರಲಿಲ್ಲ, ಸ್ಕಾರ್ಫನ್ನು ತೊಳೆದು ಮಡಚಿ ಗೀತಾಳ ಕೈಯಲ್ಲಿ ಕಳಿಸಿದ್ದಳು. ದುರ್ಗಿ ನಾಟಿಗೆ ಬಂದಳು. ಆಯಿ ಅವಳಿಗೆ ಎರಡು ಪಾಲು ಗಂಜಿ ಬಡಿಸುತ್ತಿದ್ದಳು.

ಆದರೆ ಆ ಸೋಮವಾರ ನಾವಿಬ್ಬರೂ ಒಂದೇ ದಾರಿಯಲ್ಲಿ ಮನೆಗೆ ಬಂದೆವು. ಅವಳು ಮುಂದೆ, ನಾನು ಹಿಂದೆ, ಗದ್ದೆಯ ಅಂಚಿನ ಮೇಲೆ. ಸಂಕದ ಹತ್ತಿರ ನಮ್ಮ ದಾರಿ ಬೇರೆಯಾಗುತ್ತಿತ್ತು. ಅಲ್ಲಿ ಅವಳು ನಿಂತು ಹಿಂತಿರುಗಿದಳು. ಸಿಟ್ಟು ಮಾಡಿಕೊಂಡ ಹಾಗೆ ಕಾಣಲಿಲ್ಲ.

“ಅಕ್ಕೋರು ಕೇಳ್ದಾಗ ನಾ ಬೇಕಂತ್ಲೇ ತಡ ಮಾಡ್ದೆ,” ಎಂದಳು. “ನೀ ಹೇಳ್ತೆ ಅಂದ್ಕಂಡಿದ್ದೆ.”

ಆಗಲೂ ನನಗೆ ಉತ್ತರ ಕೊಡಲು ಬೇಕಾದಷ್ಟು ಹೊತ್ತು ಕೊಟ್ಟು, ಆಮೇಲೆ ಸಂಕ ದಾಟಿ ಹೋದಳು.